ದಿಲ್ಕಾ ಹಣ್ಣಾಗಲು ಏಳು ದಿನ

ಏಳನೆಯ ದಿನ ಬೆಳಿಗ್ಗೆ ಮದುಮಗಳು ಸುಲಾಫಾ ಅಂಗಳದ ಹೊಗೆಗುಂಡಿಯ ಮೇಲೆ ಬೋರಲು ಹಾಕಿದ್ದ ಮರದ ಬೋಗುಣಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಒಳಮೈಗೆ ಮೆತ್ತಿದ್ದ ಹಿಟ್ಟು ಇಷ್ಟು ಹೊತ್ತಿಗೆ ಖರ್ಜೂರದ ಬಣ್ಣಕ್ಕೆ ತಿರುಗಿರಬೇಕಿತ್ತು. ಮದುಮಗಳ ಮೈ ಉಜ್ಜುವ ದಿಲ್ಕಾ ಎಂದರೆ ಅಷ್ಟೇ: ಜೋಳದ ಹಿಟ್ಟು, ಲವಂಗದ ಪುಡಿ, ಒಣಗಿಸಿ ಕುಟ್ಟಿದ ಕಿತ್ತಳೆ ಸಿಪ್ಪೆ, ಎಳ್ಳೆಣ್ಣೆ, ಮೇಲೆ ಜಾಲಿ ಕಟ್ಟಿಗೆಯ ಹೊಗೆ. ಸುಡಾನಿನ ಈ ಒಮ್ದುರ್ಮಾನ್ ಊರಿನ ಯಾವ ಅಡುಗೆಮನೆಯಲ್ಲಾದರೂ ಇರುವ ಸಾಮಾನು. ಆದರೆ ಈ ಹಿಟ್ಟಿನಲ್ಲಿ ಬೂದು ಬಣ್ಣದ ಎಳೆಗಳು ಓಡಿದ್ದವು. ಬಗ್ಗಿ ಮೂಸಿದಳು. ಲವಂಗದ ಘಾಟಿನ ಕೆಳಗೆ ಗುಲಾಬಿ ಸೆಂಟಿನ ವಾಸನೆ.

"ಅಮ್ಮಾ, ಇದಕ್ಕೆ ಏನು ಹಾಕಿದ್ದೀಯ?"

"ಹಾಕೋದನ್ನೇ ಹಾಕಿದ್ದೀನಿ," ಎಂದಳು ಬತೂಲ್, ಮಗಳ ಕಡೆ ತಿರುಗದೆ. "ಈ ಸಲದ ಜೋಳವೇ ಹಂಗೆ."

"ಜೋಳ ಯಾವಾಗಿಂದ ಸೆಂಟು ಹಚ್ಕೊಳ್ಳೋಕೆ ಶುರು ಮಾಡ್ತು?"

 ಸುಲಾಫಾ ನೇರ ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬದ ಹಿಂದೆ ಕೈಹಾಕಿದಳು. ಚೀಟಿಯಿಲ್ಲದ ಆ ಪುಟ್ಟ ಕ್ರೀಮಿನ ಡಬ್ಬಿ ಸಿಕ್ಕಿತು. ಅರ್ಧ ಖಾಲಿಯಾಗಿತ್ತು.

ಅದನ್ನು ಕಳಿಸಿದ್ದು ಮದುಮಗ ಮುಂತಸಿರ್‌ನ ದೊಡ್ಡಮ್ಮ ಇಹ್ಸಾನ್. "ನಮ್ಮನೆಗೆ ಬರೋ ಹುಡುಗಿ ಬೆಳ್ಳಗೆ ಹೊಳೀಬೇಕು" ಎಂದು ಹೇಳಿಯೂ ಕಳಿಸಿದ್ದಳು. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಸುಲಾಫಾ ಮದುವೆಗೆಂದು ಮನೆಯೊಳಗೆ ಕೂರುವ ಮೊದಲೇ ಒಂದು ಚಿಟಿಕೆ ಕ್ರೀಮನ್ನು ಆಮ್ಲದಲ್ಲಿ ಕುದಿಸಿ, ತಾಮ್ರದ ತಂತಿ ಅದ್ದಿ ನೋಡಿದ್ದಳು. ಕೆಂಪು ತಂತಿ ಬೂದಾಗಿ ಹೊರಬಂದಿತ್ತು. ಹೊಸ ತಂತಿ ತೆಗೆದುಕೊಂಡು ಇನ್ನೊಮ್ಮೆ ಮಾಡಿದಳು, ಮತ್ತೆ ಬೂದು. ಹೋಲಿಕೆಗೆಂದು ಬರೀ ವ್ಯಾಸಲೀನನ್ನು ಅದೇ ರೀತಿ ಕುದಿಸಿದಾಗ ತಂತಿ ಕೆಂಪಾಗಿಯೇ ಉಳಿಯಿತು. ತಾಮ್ರಕ್ಕೆ ಅಂಟಿದ್ದು ಕ್ರೀಮಿನಲ್ಲಿದ್ದ ಪಾದರಸ. ಎಲ್ಲವನ್ನೂ ತಾಯಿಗೆ ಬಿಡಿಸಿ ಹೇಳಿ, ಡಬ್ಬಿ ಮುಟ್ಟಬೇಡ ಎಂದಿದ್ದಳು.

"ಎರಡೇ ಚಮಚ ಕಣೇ," ಎಂದಳು ಬತೂಲ್ ಬಾಗಿಲಲ್ಲಿ ನಿಂತು. "ಮುಖಕ್ಕೆ ಹಚ್ಕೊಳ್ಳಲ್ಲ ಅಂದೆ ನೀನು, ನಾನು ಹಚ್ಚಲಿಲ್ಲ. ಹಿಟ್ಟಿಗೆ ಕಲಸಿ ಹೊಗೆ ಕೊಟ್ಟೆ. ಹೊಗೆಗೆ ಹೋಗದ ಕೆಡುಕು ಯಾವುದಿದೆ? ದೃಷ್ಟಿ ಹೋಗುತ್ತೆ, ಮೈನೋವು ಹೋಗುತ್ತೆ, ಬಾಣಂತಿ ಶೀತ ಹೋಗುತ್ತೆ."

"ಪಾದರಸ ಹೋಗಲ್ಲಮ್ಮ. ಬಿಸಿ ತಾಗಿದ್ರೆ ಆವಿಯಾಗಿ ಮೂಗಿಗೇ ಬರುತ್ತೆ. ಏಳು ದಿನ ಆ ಗುಂಡಿ ಪಕ್ಕ ಕೂತು ಕಟ್ಟಿಗೆ ಹಾಕಿದ್ದು ಯಾರು?"

 ಸುಲಾಫಾ ಡಬ್ಬಿಯನ್ನು ಮತ್ತೊಮ್ಮೆ ನೋಡಿದಳು. ಎರಡು ಚಮಚಕ್ಕೆ ಇಷ್ಟು ಖಾಲಿಯಾಗುವುದಿಲ್ಲ. ತಾಯಿ ಎರಡೂ ಕೈಗಳನ್ನು ಹೊದ್ದ ತೋಬಿನ ಮಡಿಕೆಯಲ್ಲಿ ಮುಚ್ಚಿಕೊಂಡಿದ್ದಳು. ಸುಲಾಫಾ ಒಂದು ಕೈಯನ್ನು ಮೆಲ್ಲಗೆ ಹೊರಗೆಳೆದಳು. ಮಣಿಕಟ್ಟು ಬಿಳಿಚಿಕೊಂಡಿತ್ತು. ಬೆರಳ ಗೆಣ್ಣುಗಳು ಮಾತ್ರ ಸುಟ್ಟಂತೆ ಕಪ್ಪಗೆ ಉಳಿದಿದ್ದವು.

"ನಿನ್ನ ಮೈಗೆ ಹಾಕೋ ಮೊದಲು ನನ್ನ ಕೈಗೆ ಹಚ್ಚಿ ನೋಡ್ದೆ," ಎಂದಳು ಬತೂಲ್. "ಪರೀಕ್ಷೆ ಮಾಡದೆ ಏನನ್ನೂ ನಂಬಬಾರದು ಅಂತ ನೀನೇ ತಾನೇ ಹೇಳೋದು?"

ಸುಲಾಫಾ ತಾಯಿಯ ಕೈಗಳನ್ನು ಸೋಪು ಹಚ್ಚಿ ತೊಳೆದಳು, ತನ್ನದನ್ನೂ ತೊಳೆದುಕೊಂಡಳು. ಗುಂಡಿಗೆ ಮರಳು ಸುರಿದು ಕೆಂಡ ಆರಿಸಿದಳು. ಬೋಗುಣಿ, ಡಬ್ಬಿ ಎರಡನ್ನೂ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ತಗಡಿನ ಡಬ್ಬಕ್ಕೆ ಹಾಕಿ, ಬಂದು ಒಯ್ಯುವಂತೆ ಪ್ರಯೋಗಾಲಯದ ಗೆಳತಿಗೆ ಫೋನ್ ಮಾಡಿದಳು.

"ಅದು ನಮ್ಮಮ್ಮನ ಬೋಗುಣಿ!"

"ಹೋಗಲಿ. ನಾಳೆ ಬೆಳಿಗ್ಗೆ ನೀನು ನನ್ನ ಜೊತೆ ಆಸ್ಪತ್ರೆಗೆ ಬರ್ತೀಯ. ಮೂತ್ರ ಪರೀಕ್ಷೆ ಆಗಬೇಕು."

"ಮದುವೆಗೆ ನಾಲ್ಕು ದಿನ ಇರುವಾಗ ಮದುಮಗಳು ಬೀದಿಗೆ ಇಳಿಯೋದಾ? ಜನ ಏನಂತಾರೆ?"

"ತಾಯಿ ಬದುಕಿರಲಿ ಅಂತ ಇಳಿದಳು ಅಂತಾರೆ."

ಮಧ್ಯಾಹ್ನ ಇಹ್ಸಾನ್ ಬಂದಳು. ಬಿಸಿಲು ತಾಗದಂತೆ ವಾರಗಟ್ಟಲೆ ಒಳಗಿಟ್ಟ ಮದುಮಗಳನ್ನು ಗಂಡಿನ ಕಡೆಯವರು ಬಂದು ನೋಡುವುದು ವಾಡಿಕೆ. ಸುಲಾಫಾಳ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿದಳು.

"ಏನಮ್ಮ ಬತೂಲ್, ಹುಡುಗೀನ ಮನೆಯೊಳಗೆ ಕೂರಿಸಿದ್ದೆಯೋ, ಒಲೆಯೊಳಗೋ?"

"ಒಲೆಯೊಳಗೇ, ಖಾಲಾ," ಎಂದಳು ಸುಲಾಫಾ. "ಚೆನ್ನಾಗಿ ಬೆಂದಿದ್ದೀನಿ. ಬೇಕಾದ್ರೆ ಚಿವುಟಿ ನೋಡಿ."

"ಮಾತಿಗೇನೂ ಕಡಿಮೆ ಇಲ್ಲ. ನಾನು ಕಳಿಸಿದ ಡಬ್ಬಿ ಏನಾಯ್ತು?"

"ಅದರಲ್ಲಿ ವಿಷ ಇತ್ತು. ಪರೀಕ್ಷೆ ಮಾಡಿದ್ದೀನಿ. ನಿಮ್ಮನೇಲಿ ಇನ್ನೂ ಇದ್ರೆ ಯಾರೂ ಮುಟ್ಟಬೇಡಿ."

"ವಿಷವಂತೆ! ನನ್ನ ಇಬ್ಬರು ಸೊಸೆಯರು ಹಚ್ಕೊಂಡು ಸತ್ತೋದ್ರಾ?"

"ಅವರ ಕೈಗೆಣ್ಣು ನೋಡಿದ್ದೀರಾ?"

ಇಹ್ಸಾನ್ ದನಿ ಗಟ್ಟಿ ಮಾಡಿಕೊಂಡಳು. "ಮದುಮಗಳು ಕುಣಿಯೋ ದಿನ ನೂರು ಹೆಂಗಸರು ಬರ್ತಾರೆ. ಮುಸುಕು ತೆಗೆದಾಗ ಈ ಬಣ್ಣ ನೋಡಿ ಮುಂತಸಿರ್‌ನ ಮುಖಕ್ಕೇ ನಗ್ತಾರೆ."

"ಮುಂತಸಿರ್ ಅವರು ಎರಡು ವರ್ಷದಿಂದ ನನ್ನನ್ನ ಪ್ರಯೋಗಾಲಯದಲ್ಲಿ ನೋಡಿದ್ದಾರೆ ಖಾಲಾ, ಬಿಳಿ ಕೋಟಿನಲ್ಲಿ. ಬಿಳಿ ಇದ್ದದ್ದು ಕೋಟು. ಆ ವ್ಯತ್ಯಾಸ ಅವರಿಗೆ ಗೊತ್ತಿದೆ."

"ಹಾಗಾದ್ರೆ ದಿನ ಮುಂದಕ್ಕೆ ಹಾಕೋಣ ಬಿಡು. ಅಷ್ಟರಲ್ಲಿ ಸ್ವಲ್ಪ ಬುದ್ಧಿನೂ ಬರಲಿ, ಕಳೆನೂ ಬರಲಿ."

ಅದು ಬೆದರಿಕೆ ಎಂದು ಮೂವರಿಗೂ ಗೊತ್ತಿತ್ತು. ಮದುವೆ ಮುಂದೆ ಹೋದರೆ ಆ ಬೀದಿಯಲ್ಲಿ ಊನ ಹುಡುಕುವುದು ಹುಡುಗಿಯಲ್ಲೇ. ಅಮ್ಮ ಈಗ ಅಂಗಲಾಚುತ್ತಾಳೆ ಎಂದು ಸುಲಾಫಾ ಹಲ್ಲು ಕಚ್ಚಿದಳು.

ಬತೂಲ್ ತೋಬಿನಿಂದ ಬಲಗೈ ತೆಗೆದು, ಚಹಾದ ತಟ್ಟೆಯ ಪಕ್ಕ, ಇಹ್ಸಾನ್‌ಳ ಕಣ್ಣೆದುರಿಗೆ ಗೆಣ್ಣುಗಳು ಕಾಣುವಂತೆ ಮಗುಚಿ ಇಟ್ಟಳು.

"ಮುಂದಕ್ಕೆ ಹಾಕಿ," ಎಂದಳು. "ನಾನೇ ಕೇಳೋಣ ಅಂತಿದ್ದೆ. ನಿಮ್ಮ ಕ್ರೀಮು ಕಲಸಿ ಒಂದು ಬೋಗುಣಿ ದಿಲ್ಕಾ ಹಾಳು ಮಾಡಿದ್ದೀನಿ, ಈ ಕೈನೂ ಹಾಳು ಮಾಡ್ಕೊಂಡಿದ್ದೀನಿ. ಇವತ್ತು ಹೊಸದು ಕಲಸ್ತೀನಿ. ಹಣ್ಣಾಗೋಕೆ ಏಳು ದಿನ ಬೇಕು. ಅದು ಮೈ ನುಣುಪು ಮಾಡುತ್ತೆ, ಬಣ್ಣ ಕೀಳಲ್ಲ. ನನ್ನ ಮಗಳು ಬರೋದು ಈ ಬಣ್ಣದಲ್ಲೇ. ಬೇಡ ಅನ್ನೋದಿದ್ರೆ ಈಗಲೇ ಅಂದುಬಿಡಿ, ಆ ಹಿಟ್ಟಿನಲ್ಲಿ ರೊಟ್ಟಿ ಮಾಡ್ಕೊಂಡು ತಿಂತೀವಿ."

ಇಹ್ಸಾನ್ ಆ ಕೈಯಿಂದ ಕಣ್ಣು ತೆಗೆಯಲಿಲ್ಲ. ತನ್ನ ಸೊಸೆಯರ ಕೈಗಳನ್ನು ನೆನಪಿಸಿಕೊಳ್ಳುತ್ತಿದ್ದಾಳೋ ಏನೋ, ತುಟಿ ಅಲುಗಿತು. ಕೊನೆಗೆ ಚಹಾ ಮುಟ್ಟದೆ ಎದ್ದು ತೋಬು ಸರಿಮಾಡಿಕೊಂಡಳು.

"ಏಳು ದಿನ ಅಂದೆಯಾ?"

"ಏಳು."

"ಎಂಟನೇ ದಿನ ಬರ್ತೀನಿ." ಯಾರ ಮುಖವನ್ನೂ ನೋಡದೆ ಬಾಗಿಲ ಕಡೆ ನಡೆದಳು.

"ಬೆಳಕಿರುವಾಗಲೇ ಬನ್ನಿ, ಖಾಲಾ," ಎಂದು ಕೂಗಿದಳು ಸುಲಾಫಾ. "ಸರಿಯಾಗಿ ಕಾಣಲಿ."