ಬ್ಯಾಂಡ್ ಮಾಸ್ತರರ ಕೋಟು

ಸೇತುವೆ ಬಿದ್ದ ದಿನ ತಾನು ಎಲ್ಲಿದ್ದೆ ಎಂದು ಹೇಳಲಾರದ ಮನುಷ್ಯ ಆ ದೇಶದಲ್ಲೇ ಇಲ್ಲ. ಇಪ್ಪತ್ತು ವರ್ಷವಾದರೂ ಕೇಳಿದವರಿಗೂ ಹೇಳುತ್ತಾರೆ, ಕೇಳದವರನ್ನೂ ನಿಲ್ಲಿಸಿ ಹೇಳುತ್ತಾರೆ. ಬ್ರೆಡ್ಡಿನ ಅಂಗಡಿಯವನ ಪ್ರಕಾರ ಅವತ್ತು ಜಡಿಮಳೆ. ಅವನ ಎದುರುಮನೆಯ ನಿವೃತ್ತ ಮೇಷ್ಟರ ಪ್ರಕಾರ ತಲೆ ಸೀಳುವ ಬಿಸಿಲು. ಇಬ್ಬರೂ ಆಣೆ ಮಾಡಿ ಹೇಳುತ್ತಾರೆ, ವರ್ಷಕ್ಕೊಮ್ಮೆ ಮಾತು ಬಿಡುತ್ತಾರೆ. ಅದು ಬಿದ್ದದ್ದು ಉದ್ಘಾಟನೆಯ ದಿನವೇ. ಉದ್ಘಾಟನೆಗೆ ಹೋಗಿದ್ದೆ, ಕೂದಲೆಳೆಯಲ್ಲಿ ಪಾರಾದೆ ಎನ್ನುವವರೆಲ್ಲ ನಿಜಕ್ಕೂ ಹೋಗಿದ್ದರೆ ಆ ಭಾರಕ್ಕೆ ಸೇತುವೆ ಹಿಂದಿನ ದಿನವೇ ಕುಸಿಯಬೇಕಿತ್ತು.

ಟೈಲರ್ ಅಕ್ಕ ಮಾತ್ರ ಈ ಹರಟೆಗೆ ಸೇರಿದವಳಲ್ಲ. ಅವಳ ಒಬ್ಬನೇ ತಮ್ಮ ಆ ಸೇತುವೆಯ ಮೇಲಿದ್ದ. ಒಂದು ಕಡೆ ಕಾಲು ನಿಲ್ಲಿಸಿದವನಲ್ಲ, ಅದಕ್ಕೇ ಬೀದಿಯವರು ಅವನನ್ನು ಗಿರಗಿಟ್ಲೆ ಎನ್ನುತ್ತಿದ್ದರು. ಅವನನ್ನು ಅಲ್ಲಿಗೆ ಕಳಿಸಿದವಳು ತಾನೇ ಎಂಬುದು ಅವಳಿಗೆ ತನ್ನ ಹೆಸರಿನಷ್ಟೇ ಖಚಿತ. ಅವತ್ತು ಬೆಳಿಗ್ಗೆ ಅವನು ಅವಳ ಅಂಗಡಿಗೆ ಬಂದ. ನದಿಯಾಚೆ ದಡದಲ್ಲಿ ಬಾರಿಸಬೇಕಿದ್ದ ಬ್ಯಾಂಡ್ ಮಾಸ್ತರರ ಕೋಟನ್ನು ಅವನ ತೋಳಿನ ಮೇಲೆ ಹಾಕಿ, ನೆಲಕ್ಕೆ ತಾಗಿಸಬೇಡ ಕಣೋ ಎಂದಳು. ಅವನು ಬಾಗಿಲಲ್ಲಿ ತಿರುಗಿ ನಕ್ಕು, ಟೀಗೆ ನೀರಿಡು ಅಕ್ಕ, ಕುದಿಯೋದ್ರೊಳಗೆ ಬರ್ತೀನಿ ಎಂದ. ಅವನೂ ನೀರುಪಾಲಾದ, ಕೋಟೂ ನೀರುಪಾಲಾಯಿತು. ಇಷ್ಟನ್ನು ಅವಳು ಪ್ರತಿವರ್ಷ, ಸತ್ತವರ ನೆನಪಿಗೆ ಸೈರನ್ ಕೂಗಿ ಊರೆಲ್ಲ ನಿಂತಲ್ಲೇ ನಿಂತು ಮತ್ತೆ ನಡೆಯತೊಡಗಿದ ಮೇಲೆ, ಅಮ್ಮನ ಮುಂದೆ ಕೂತು ಹೇಳುತ್ತಾಳೆ. ಅಮ್ಮ ತುಟಿ ಬಿಚ್ಚುವುದಿಲ್ಲ.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯದ ತಾಯಿಯ ಜೊತೆ ಒಂದೇ ಸೂರಿನಡಿ ಇಪ್ಪತ್ತು ವರ್ಷ ಬಾಳುವುದು ಹುಡುಗಾಟವಲ್ಲ. ಮಗಳ ಅಂಗಡಿ ಎರಡು ಬೀದಿ ಆಚೆ. ಅಮ್ಮ ಅಂದಿನಿಂದ ಅದರ ಹೊಸ್ತಿಲು ತುಳಿದಿಲ್ಲ. ಊಟಕ್ಕೆ ಕೂತರೆ ಮೊದಲು ಬಡಿಸುವುದು ಮಗಳಿಗೇ, ಹಾಲಿನ ಕೆನೆ ಹಾಕುವುದೂ ಮಗಳ ಲೋಟಕ್ಕೇ, ಆದರೆ ಮುಖ ನೋಡದೆ, ಹೊರಗಿನವರಿಗೆ ಬಡಿಸಿದ ಹಾಗೆ. ಮದುವೆಯ ಮಾತು ಬಂದಾಗಲೆಲ್ಲ ಅಕ್ಕ ಬೇಡವೆಂದಳು. ತಾಯಿಯಿಂದ ಮಗನನ್ನು ಕಿತ್ತುಕೊಂಡವಳು ಈಗ ಅವಳನ್ನು ಒಂಟಿ ಮಾಡಿ ಹೋಗುತ್ತೇನೆ ಎನ್ನುವುದು ಯಾವ ಬಾಯಿಂದ? ಅವಳಿಗೆ ಬೇಕಾಗಿದ್ದುದು ಒಂದೇ. ಸಾಯುವುದರೊಳಗೆ ಅಮ್ಮ ಒಂದು ಸಲ, ನಿನ್ನ ತಪ್ಪಿಲ್ಲ ಬಿಡು ಎನ್ನಬೇಕು.

ಈ ವರ್ಷ ಸೈರನ್ನಿನ ದಿನ ಹತ್ತಿರ ಬಂದಾಗ ಒಬ್ಬ ಹೆಂಗಸು ಅಂಗಡಿಗೆ ಬಂದಳು. ಬ್ಯಾಂಡ್ ಮಾಸ್ತರರ ಮಗಳು ಎಂದು ಹೇಳಿಕೊಂಡಳು. ಆ ದಿನದ ನಂತರ ಮಾಸ್ತರರು ವಾದ್ಯ ಮುಟ್ಟಿರಲಿಲ್ಲ, ಊರನ್ನೇ ಬಿಟ್ಟಿದ್ದರು, ಮೊನ್ನೆ ಮೊನ್ನೆ ತೀರಿಕೊಂಡರಂತೆ. ಪುರಭವನದಲ್ಲಿ ಆ ದಿನದ ವಸ್ತುಗಳನ್ನೆಲ್ಲ ಪ್ರದರ್ಶನಕ್ಕೆ ಇಡುತ್ತಿದ್ದಾರೆ, ಅಪ್ಪನದೂ ಒಂದು ಇರಲಿ ಎಂದು ತಂದಿದ್ದೇನೆ, ಒಳಗಿನ ಅಸ್ತರ್ ಹರಿದಿದೆ, ಸ್ವಲ್ಪ ಹೊಲಿದು ಕೊಡಿ ಎನ್ನುತ್ತಾ ಚೀಲದಿಂದ ಒಂದು ನೀಲಿ ಕೋಟು ತೆಗೆದು ಮೇಜಿನ ಮೇಲೆ ಹರಡಿದಳು.

ಅಕ್ಕನಿಗಿಂತ ಮೊದಲು ಅವಳ ಕೈಗೆ ಗುರುತು ಸಿಕ್ಕಿತು. ಮಾಸ್ತರರು ಹರೆಯದಲ್ಲಿ ದೊಡ್ಡ ಡೋಲು ಹೊತ್ತವರು, ಎಡಭುಜ ಜೋತು ಬಿದ್ದಿತ್ತು. ಎರಡೂ ಭುಜ ಸಮನಾಗಿ ಕಾಣಲಿ ಎಂದು ಅವಳು ಎಡಗಡೆ ಹತ್ತಿಯ ಒಂದು ಪದರ ಹೆಚ್ಚು ಇಟ್ಟಿದ್ದಳು. ಬೆರಳಿನಿಂದ ಒತ್ತಿ ನೋಡಿದಳು. ಪದರ ಅಲ್ಲೇ ಇತ್ತು. ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು.

"ಇದು ನದೀಲಿ ಹೋಯ್ತಲ್ಲ," ಎಂದಳು.

"ನದೀಲಾ? ಇಲ್ಲ ಅಕ್ಕ. ಅಪ್ಪ ಅವತ್ತು ಇದನ್ನೇ ಹಾಕ್ಕೊಂಡು ಬಾರಿಸ್ತಾ ಇದ್ರು. ಫೋಟೋದಲ್ಲೂ ಇದೆಯಲ್ಲ."

ಅಕ್ಕ ಆ ದಿನದ ಫೋಟೋ ಒಂದನ್ನೂ ಈವರೆಗೆ ನೋಡಿದವಳಲ್ಲ. ಮಾಸ್ತರರ ಮಗಳು ಹೇಳುತ್ತಾ ಹೋದಳು. ಹಿಂದಿನ ಸಂಜೆ ಅಪ್ಪನ ಜೊತೆ ತಾನೂ ಈ ಅಂಗಡಿಗೆ ಬಂದಿದ್ದೆ, ಚಿಕ್ಕವಳು, ಇಲ್ಲೇ ಕೂತು ಗುಂಡಿಗಳ ಡಬ್ಬ ಬುಡಮೇಲು ಮಾಡಿದ್ದೆ ಎಂದಳು. ಕೋಟಿನ ಬಲತೋಳಿನ ಅಂಚು ಹೊಲಿಯುವುದು ಇನ್ನೂ ಬಾಕಿ ಇತ್ತಂತೆ. ನಾಳೆ ಬೆಳಿಗ್ಗೆ ಮುಗಿಸಿ ತಮ್ಮನ ಕೈಲಿ ಕಳಿಸ್ತೀನಿ ಎಂದು ಅಕ್ಕ ಹೇಳಿದಳಂತೆ. ಅಪ್ಪ ಕೇಳಬೇಕಲ್ಲ! ಕೋಟು ಮನೆಗೆ ಬಾರದೆ ನನಗೆ ನಿದ್ದೆ ಹತ್ತೋಲ್ಲ ಎಂದು ಹಟ ಹಿಡಿದು, ಹೇಗಿತ್ತೋ ಹಾಗೇ ತೊಟ್ಟುಕೊಂಡು ಹೊರಟರಂತೆ. ಒಳಗೆ ಉಳಿದಿದ್ದ ಒಂದು ಗುಂಡುಸೂಜಿ ಮನೆ ತಲುಪುವವರೆಗೂ ಅಪ್ಪನನ್ನು ಚುಚ್ಚಿತು ಎಂದು ಹೇಳಿ ನಕ್ಕಳು.

ಅಕ್ಕ ನಗಲಿಲ್ಲ. ಅಂಥದ್ದೊಂದು ಸಂಜೆ ಅವಳ ನೆನಪಿನಲ್ಲಿ ಹುಡುಕಿದರೂ ಇರಲಿಲ್ಲ. ಈ ಹೆಂಗಸು ಕಥೆ ಕಟ್ಟುತ್ತಿದ್ದಾಳೆ ಎಂದು ಸಿಟ್ಟೇ ಬಂತು. ನನ್ನ ತಮ್ಮನ ತೋಳಿನ ಮೇಲೆ ನಾನು ಈ ಕೈಯಾರೆ ಹಾಕಿದ ಕೋಟು ಇದು! ಹಾಗೆಂದುಕೊಳ್ಳುತ್ತಲೇ ಬಲತೋಳನ್ನು ಮಗುಚಿ ನೋಡಿದಳು. ಅಂಚಿನ ಸುತ್ತ, ಪಕ್ಕಾ ಹೊಲಿಗೆ ಬಿದ್ದ ಮೇಲೆ ಬಿಚ್ಚಿ ತೆಗೆಯುವ ಉದ್ದುದ್ದ ಕಚ್ಚಾ ಹೊಲಿಗೆ, ಹಳದಿ ದಾರ. ಊರಿನ ಟೈಲರುಗಳೆಲ್ಲ ಬಿಳಿ ದಾರದಲ್ಲಿ ಹಾಕಿದರೆ, ಬಿಚ್ಚುವಾಗ ಕಣ್ಣು ತಪ್ಪಬಾರದೆಂದು ಅವಳೊಬ್ಬಳು ಹಳದಿ ಹಾಕುತ್ತಿದ್ದಳು. ಕಚ್ಚಾ ದಾರ ಉಳಿದ ಬಟ್ಟೆಯನ್ನು ಅವಳಾಗಿ ಹೊರಗೆ ಕಳಿಸಿದ್ದು ಜನ್ಮದಲ್ಲೇ ಇಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಪ್ರಮಾಣ ಕೈಯಲ್ಲೇ ಇತ್ತು, ಕಣ್ಣಾರೆ ಕಂಡದ್ದು, ಬಾಗಿಲಲ್ಲಿ ನಕ್ಕ ತಮ್ಮ, ಮಾತ್ರ ಎಲ್ಲಿಂದ ಬಂದದ್ದು ಎಂದು ತಿಳಿಯದೆ ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು.

ಮಾಸ್ತರರ ಮಗಳು ಗಾಬರಿಯಾಗಿ ನೀರು ಕೊಟ್ಟಳು. ನೀರು ಗಂಟಲಿಗೆ ಇಳಿಯುವಾಗ ಒಂದು ಯೋಚನೆಯೂ ಜೊತೆಗೇ ಇಳಿಯಿತು. ಕೋಟು ಹಿಂದಿನ ದಿನವೇ ಹೋಗಿದ್ದರೆ ತಮ್ಮನನ್ನು ಕಳಿಸುವ ಮಾತೇ ಇಲ್ಲ. ಕಳಿಸಿದವಳು ನಾನಲ್ಲ! ಅವಳು ಎದ್ದಳು. ಇವತ್ತೊಂದು ದಿನ ಇದು ನನ್ನ ಹತ್ತಿರ ಇರಲಿ ಎಂದು ಕೇಳಿಕೊಂಡು, ಹಾಡುಹಗಲೇ ಅಂಗಡಿಗೆ ಬೀಗ ಹಾಕಿ ಮನೆಗೆ ಹೊರಟಳು. ಬ್ರೆಡ್ಡಿನ ಅಂಗಡಿಯವನು ಅವತ್ತು ಮಳೆ ಇತ್ತೋ ಇಲ್ಲವೋ ನೀವೇ ಹೇಳಿ ಅಕ್ಕ ಎಂದು ಕೂಗಿದ. ಅವಳು ತಿರುಗಿ ನೋಡಲಿಲ್ಲ. ಕೋಟನ್ನು ನೆಲಕ್ಕೆ ತಾಗದ ಹಾಗೆ ತೋಳಿನ ಮೇಲೆ ಹಾಕಿಕೊಂಡಿದ್ದಳು.

ಅಮ್ಮ ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಸುಲಿಯುತ್ತಿದ್ದಳು. ಅಕ್ಕ ಕೋಟನ್ನು ಅವಳ ಮುಂದೆ ಹರಡಿ, ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು: ಹಿಂದಿನ ಸಂಜೆ, ಬಾಕಿ ಉಳಿದ ತೋಳು, ಹಳದಿ ದಾರ. ನಾನು ಅವನನ್ನು ಕಳಿಸಲೇ ಇಲ್ಲ ಅಮ್ಮ ಎಂದು ಮುಗಿಸಿದಳು. ಈಗ ಅಮ್ಮ ತಬ್ಬಿಕೊಳ್ಳುತ್ತಾಳೆ, ಅಳುತ್ತಾಳೆ, ಆ ಒಂದು ಮಾತು ಹೇಳುತ್ತಾಳೆ ಎಂದು ಕಾದಳು.

ಅಮ್ಮ ದಾರವನ್ನು ಉಗುರಿನಿಂದ ಸವರಿದಳು.

"ನೀನು ಕಳಿಸ್ಲಿಲ್ಲ ಅಂತ ನಂಗೆ ಮೊದಲಿಂದ್ಲೂ ಗೊತ್ತು. ಕಳಿಸಿದ್ದು ನಾನು."

ಅಮ್ಮನೇ ಮುಂದುವರಿಸಿದಳು.

"ರಜ ಅಂತ ಹೊದ್ಕೊಂಡು ಬಿದ್ದಿದ್ದ. ನೀನಾಗ್ಲೇ ಅಂಗಡಿಗೆ ಹೋಗಿದ್ದೆ. ಊರಿಗೆ ಊರೇ ಹೋಗಿದೆ, ನೀನೊಬ್ಬ ಬಿದ್ಕೊಂಡಿದ್ದೀಯ, ಹೋಗಿ ನೋಡ್ಕೊಂಡಾದ್ರೂ ಬಾ ಅಂತ ಹೊದಿಕೆ ಕಿತ್ತು ಎಬ್ಬಿಸ್ದೆ. ಉಂಡಾಡಿ ಗುಂಡ ಅಂದೆ. ಮುಖ ಊದಿಸ್ಕೊಂಡು, ಬಾಗ್ಲು ಧಡಾರ್ ಅಂತ ಹಾಕ್ಕೊಂಡು ಹೋದ."

ನದಿಯಲ್ಲಿ ಸಿಕ್ಕ ಅವನ ದೇಹವನ್ನು ಮಣ್ಣು ಮಾಡಿ ಬಂದ ದಿನ ಅಮ್ಮ ಇದನ್ನು ಹೇಳಿಬಿಡಬೇಕೆಂದು ಬಾಯಿ ತೆರೆದಿದ್ದಳಂತೆ. ಅಷ್ಟರಲ್ಲಿ ಮಗಳು ನೆಂಟರೆಲ್ಲರ ಎದುರು, ನಾನೇ ಕೋಟು ಕೊಟ್ಟು ಕಳಿಸಿದೆ ಎಂದು ಗೋಳಾಡಿದಳು. ಹುಡುಗ ದಾರಿಯಲ್ಲಿ ಅಂಗಡಿಗೆ ಹೋಗಿರಬೇಕು, ಅಮ್ಮ ಬೈದು ಅಟ್ಟಿದಳು ಎಂದು ಅಕ್ಕನಿಗೆ ಹೇಳಿರಲೇಬೇಕು, ಅದನ್ನು ಮುಚ್ಚಿಡಲು ಇವಳು ಎಲ್ಲವನ್ನೂ ತನ್ನ ತಲೆಗೆ ಕಟ್ಟಿಕೊಳ್ಳುತ್ತಿದ್ದಾಳೆ ಎಂದು ಅಮ್ಮ ತಿಳಿದಳು.

"ಹೊಟ್ಟೇಲಿ ಹುಟ್ಟಿದ ಮಗಳು ನನ್ನ ಪಾಪ ಹೊತ್ಕೊಂಡು ಕೂತಿದ್ದಾಳೆ, ನಾನು ಬಾಯಿ ಮುಚ್ಕೊಂಡು ಹೊರಿಸ್ತಾ ಇದ್ದೀನಿ. ಯಾವ ಮುಖ ಇಟ್ಕೊಂಡು ನಿನ್ನ ಮುಖ ನೋಡ್ಲಿ ಹೇಳು?"

ಇಪ್ಪತ್ತು ವರ್ಷದ ಮೌನ, ಮೊದಲು ಬಡಿಸಿದ ತಟ್ಟೆ, ತುಳಿಯದ ಹೊಸ್ತಿಲು, ಎಲ್ಲದರ ಅರ್ಥವೂ ಅಕ್ಕನ ಕಣ್ಣೆದುರೇ ಬೇರೆಯಾಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳುವೂ ಬರಲಿಲ್ಲ.

ಅಮ್ಮನಿಗೆ ಆಗ ಇನ್ನೊಂದು ಹೊಳೆಯಿತು. ಕೈಯಲ್ಲಿದ್ದ ಬಟಾಣಿ ಕಾಯಿ ಹಾಗೇ ನಿಂತಿತು. ತಲೆಯೆತ್ತಿ, ಎಷ್ಟೋ ವರ್ಷಗಳ ಮೇಲೆ ಮಗಳ ಮುಖವನ್ನು ನೇರವಾಗಿ ನೋಡಿದಳು.

"ಹಾಗಾದ್ರೆ ಅವನು ಅವತ್ತು ನಿನ್ನ ಅಂಗಡಿಗೆ ಬರ್ಲೇ ಇಲ್ವಾ?" ಎಂದಳು. "ನನ್ನ ಹತ್ರ ಸಿಟ್ಟು ಮಾಡ್ಕೊಂಡು ಹೋದ್ರೂ ನಿನ್ನ ಹತ್ರ ನಕ್ಕ ಅಂತಿದ್ಯಲ್ಲ. ಸಿಟ್ಟು ಇಳಿಸ್ಕೊಂಡೇ ಹೋದ ಅಂತ ಪ್ರತಿವರ್ಷ ಅದೊಂದು ಮಾತಿಗೇ ಕಾಯ್ತಿದ್ದೆ. ನಗ್ಲೇ ಇಲ್ವಾ ಹಾಗಾದ್ರೆ?"

ಹೊರೆ ಇಳಿಸುವ ಆತುರದಲ್ಲಿ ಓಡಿ ಬಂದವಳು, ಅದು ಯಾರ ಮೇಲೆ ಬಿದ್ದೀತು ಎಂದು ಯೋಚಿಸಿರಲಿಲ್ಲ. ಅಕ್ಕ ಕೋಟನ್ನು ಎಳೆದುಕೊಂಡು, ಹಳದಿ ದಾರ ಒಳಗೆ ಮುಚ್ಚಿಹೋಗುವಂತೆ ತೋಳನ್ನು ಮಡಚಿದಳು.

"ಬಂದಿದ್ದ ಅಮ್ಮ. ಕೋಟಿಗೆ ಅಲ್ಲ, ಸುಮ್ನೆ ಬಂದಿದ್ದ."

"ನಕ್ಕನಾ?"

"ನಕ್ಕ. ಟೀಗೆ ನೀರಿಡು ಅಂದ."

ಅಮ್ಮ ತಲೆಯಾಡಿಸಿ ಮತ್ತೆ ಬಟಾಣಿಗೆ ಕೈ ಹಾಕಿದಳು. ಅದೇ ಮಾತನ್ನು ಅಕ್ಕ ಇಪ್ಪತ್ತು ವರ್ಷ ಹೇಳಿದ್ದಳು, ಹೇಳಿದಾಗಲೆಲ್ಲ ಬಾಗಿಲು, ತಿರುಗಿದ ಕತ್ತು, ಅವನ ಹಲ್ಲಿನ ಸಾಲು ಎದುರಿಗೇ ನಿಲ್ಲುತ್ತಿದ್ದವು. ಇವತ್ತು ಹೇಳುವಾಗ ಬರಿ ಬಾಗಿಲು ಕಂಡಿತು, ಅಲ್ಲಿ ಯಾರೂ ಇರಲಿಲ್ಲ.