ಚಹಾದ ಜೊತೆಗಿನ ಗುಳಿಗೆ

ಹುಸೇನಪ್ಪನ ಎರಡೂ ಕಿಡ್ನಿ ಕೆಟ್ಟಿದ್ದವು. ರಾಯಚೂರಿನ ಒಂದು ಟ್ರಸ್ಟಿನ ಡಯಾಲಿಸಿಸ್ ಕೇಂದ್ರದಲ್ಲಿ ಇದ್ದ ಎರಡು ಯಂತ್ರಗಳಲ್ಲಿ ಒಂದು ದೀಪಾವಳಿಯಿಂದ ಕೆಟ್ಟು ಕೂತಿತ್ತು. ಉಳಿದ ಒಂದಕ್ಕೆ ಟ್ರಸ್ಟಿನ ಅಧ್ಯಕ್ಷ ಅಂಬರೀಶ ನಿಯಮ ಮಾಡಿದ್ದ: ರೋಗ ತಾವೇ ತಂದುಕೊಂಡವರು ಕೊನೆಗೆ.

“ಡಾಕ್ಟರ್ ಚೀಟಿ ಇಲ್ದ ನೋವಿನ ಗುಳಿಗಿ ವರ್ಷಗಟ್ಲೆ ನುಂಗ್ಯಾನ. ಅವನ ಜವಾಬ್ದಾರಿ ಅವನದು,” ಎಂದ ಕೇಂದ್ರದ ಗುಮಾಸ್ತ.

ಹುಸೇನಪ್ಪನ ಹೆಂಡತಿ ಮಂಜುಳಾ, ದೇವದುರ್ಗದ ಕಡೆಯವಳು, ಅಳಲಿಲ್ಲ. ಏದುಸಿರು ಬಿಡುತ್ತಿದ್ದ ಗಂಡನನ್ನು ಬೆಂಚಿಗೆ ಒರಗಿಸಿ, ಆಟೋ ಹಿಡಿದು ಅಂಬರೀಶನ ಅಕ್ಕಿ ಗಿರಣಿಗೆ ಹೋದಳು. ಗಂಡ ಇಷ್ಟು ಕಾಲ ಚೀಲ ಹೊತ್ತದ್ದು ಅಲ್ಲೇ. ಹಮಾಲರು ಲಾರಿ ತುಂಬುತ್ತಿದ್ದರು. ಬೆಳಗಿನ ಚಹಾ ಬಂದಿತ್ತು. ಜೊತೆಗೆ, ಯಾವತ್ತಿನಂತೆ, ಒಂದು ತಟ್ಟೆಯಲ್ಲಿ ಮೈಕೈ ನೋವಿನ ಗುಳಿಗೆಗಳು. ನುಂಗಿದರೆ ಸೊಂಟ ಹಿಡಿಯುವುದಿಲ್ಲ, ಲಾರಿ ಹೊತ್ತಿಗೆ ಸರಿಯಾಗಿ ಹೊರಡುತ್ತದೆ.

ಆ ತಟ್ಟೆ ಕಿತ್ತುಕೊಂಡು ಅಂಬರೀಶನ ಮೇಜಿನ ಮೇಲೆ ಕುಕ್ಕಿದಳು.

“ಇದಕ್ಕ ಚೀಟಿ ಎಲ್ಲಿ ಅದ ಸಾವ್ಕಾರ್ರ? ಬರ್ದ ಡಾಕ್ಟರ್ ನೀವೇನು?”

“ನೋಡವ್ವಾ, ನಾ ಏನ್ ಬಾಯಾಗ ತುರುಕೀನೇನು? ಬೇಕಂದೋರು ತಗೊಂತಾರ.”

“ಒಲ್ಲೆ ಅಂದೋನಿಗೆ ‘ಮದುಮಗ ಬಂದಾನ, ಕುರ್ಚಿ ಹಾಕ್ರಿ’ ಅಂತ ನಕ್ಕು ಕೂಲಿ ಇಲ್ದ ಮನಿಗೆ ಕಳ್ಸೋರು ಯಾರ್ರಿ?”

“ನನಗೂ ಹಂಗ ಅಂದಾರ ಯವ್ವಾ,” ಎಂದ ಬಾಗಿಲಲ್ಲಿ ನಿಂತಿದ್ದ ಹಮಾಲರ ಮುಖಂಡ ಜಹೀರ್. ಹೋಗಿ ಚೀಲದ ಮೇಲೆ ಕೂತುಬಿಟ್ಟ. ಉಳಿದವರೂ ಕೂತರು.

ಅಂಬರೀಶ ಅರ್ಧ ತುಂಬಿದ ಲಾರಿ ನೋಡಿದ. ದನಿ ಇಳಿಯಿತು. “ಆತು ಬಿಡು. ಇವತ್ತು ಮಾನ್ವಿ ಊರಿನ ಹುಡುಗಿ ಪಾಳಿ ಅದ. ಅಕಿನ್ನ ನಾಳಿಗಿ ದಬ್ಬಿ ನಿನ್ ಗಂಡಗ ಕೊಡಸ್ತೀನಿ.”

ಮಂಜುಳಾ ಗುಳಿಗೆಯ ತಟ್ಟೆಯನ್ನು ಅವನತ್ತ ತಳ್ಳಿದಳು. ಭಾಗ್ಯಜ್ಯೋತಿ ಎಂಬ ಆ ಹುಡುಗಿಯ ಮುಖವೂ ಗಂಡನ ಮುಖದಷ್ಟೇ ಊದಿದ್ದನ್ನು ಕೇಂದ್ರದಲ್ಲಿ ನೋಡಿಯೇ ಬಂದಿದ್ದಳು.

“ಕೂಸಿನ ಪಾಳಿಗೆ ಕೈ ಹಚ್ಚೀರಿ, ಜ್ವಾಕಿ! ಕೆಟ್ಟ ಕುಂತ ಮಶಿನ್ ರಿಪೇರಿ ಮಾಡಸ್ರಿ. ಇವತ್ತ.”

“ಇವತ್ತ ಹೆಂಗವ್ವಾ? ಮಶಿನ್ ಅದು.”

“ಗಿರಣಿ ಮಶಿನ್ ಕೆಟ್ರ ಹೈದರಾಬಾದಿಂದ ಮಧ್ಯಾಹ್ನಕ್ಕ ಮಿಸ್ತ್ರಿ ಬರ್ತಾನಲ್ರೀ,” ಎಂದ ಜಹೀರ್, ಕೂತಲ್ಲಿಂದಲೇ.

ಅಂಬರೀಶ ಫೋನ್ ತೆಗೆದ. ಆದರೂ ಯಾರೂ ಚೀಲ ಎತ್ತಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಎರಡನೆಯ ಯಂತ್ರ ಸದ್ದು ಮಾಡಿತು. ಅದಕ್ಕೆ ಹುಸೇನಪ್ಪನನ್ನು ಹಚ್ಚಿದರು. ಪಕ್ಕದ ಯಂತ್ರದ ಬಳಿ ಹುಡುಗಿ ಮಲಗಿದ್ದಳು.

“ಸಾವ್ಕಾರ್ರ ದಯಾ ನೋಡವ್ವಾ,” ಎಂದ ಗುಮಾಸ್ತ.

“ಇನ್ನೊಮ್ಮಿ ದಯಾ ಅಂದೀ, ನಾಲಿಗಿ ಕಿತ್ತೇನು,” ಎಂದಳು ಮಂಜುಳಾ.