ದಾರಿಯಲ್ಲಿ ಬೀಳಿಸಿದ ಬಾಚಣಿಗೆ

ನನಗೀಗ ಮೂವತ್ಮೂರು, ಹೆಂಗಸಿಗೆ ಕೆಟ್ಟ ವಯಸ್ಸು. ಹೋದ ವರ್ಷ ಹೊಟ್ಟೆಯಲ್ಲಿದ್ದ ಕೂಸು ನಿಲ್ಲಲಿಲ್ಲ. ಈಗ ಮತ್ತೆ ದಿನ ತುಂಬುತ್ತಿದೆ. ಹಾಗಾಗಿ ಚಳಿಗಾಲದ ಕೊನೆಗೆ ಪೀಡೆ ಓಡಿಸುವ ಸೆತ್ಸುಬುನ್ ಹಬ್ಬದ ಸಂಜೆ ಅತ್ತೆ ಟೊಮೆ ನನ್ನನ್ನು ಬಿಡಲಿಲ್ಲ. ಗುಡಿಯಲ್ಲಿ ಎರಚುವ ಹುರಿಗಾಳು ಆಯ್ದು ತಿಂದು, ಬರುವಾಗ ನಾಲ್ಕು ದಾರಿ ಕೂಡುವಲ್ಲಿ ತಲೆಯ ಬಾಚಣಿಗೆ ಬೀಳಿಸಿ, ತಿರುಗಿ ನೋಡದೆ ಮನೆ ಸೇರಬೇಕು. ಪೀಡೆ ಅಲ್ಲೇ ಉಳಿಯುತ್ತದೆ. ನೋಡಿದರೆ ಬೆನ್ನಿಗೇ ಬರುತ್ತದೆ.

"ಯಾರಾದ್ರೂ ಅದನ್ನ ಎತ್ಕೊಂಡ್ರೆ, ಅತ್ತೆ?"

"ಎತ್ಕೊಂಡೋರ ಪಾಲಿಗೆ."

"ಪಾಪ ಅಲ್ವಾ?"

"ಊರೋರಿಗೆಲ್ಲ ಗೊತ್ತು, ಯಾರೂ ಮುಟ್ಟಲ್ಲ. ನಿನ್ನ ಪ್ರಶ್ನೆ ಕೇಳಿ ಪೀಡೇನೂ ಬೇಜಾರಾಗಿ ಓಡೋಗತ್ತೆ. ನಡಿಯೇ ಇಸೊ."

ನನ್ನ ಸ್ವಭಾವವೇ ಹಾಗೆ. ಪಕ್ಕದ ಮನೆಯಲ್ಲಿ ಏನು ಬೇಯುತ್ತಿದೆ ಎಂದು ತಿಳಿಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಅಂಥವಳಿಗೆ ತಿರುಗಬೇಡ ಎಂದರೆ! ಬಾಚಣಿಗೆ ಬಿದ್ದದ್ದೇ ತಡ, ಕತ್ತು ತುರಿಸತೊಡಗಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೆಟ್ಟಗೆ ನಡೆದೆ. ಹಿಂದೆ ಅತ್ತೆಯ ಮರದ ಚಪ್ಪಲಿ ಟಕಟಕ ಎನ್ನುತ್ತಿತ್ತು.

"ಅಕ್ಕಾ, ಬಾಚಣಿಗೆ ಬಿತ್ತು! ತಡೀರಿ, ತಂದ್ಕೊಡ್ತೀನಿ!"

ತೋಫು ಮಾರುವವರ ಮನೆಯ ಸೊಸೆಯ ದನಿ. ಬೇರೆ ಊರಿನವಳು, ಮದುವೆಯಾಗಿ ಬಂದು ತಿಂಗಳೂ ಆಗಿಲ್ಲ. ಅವಳು ಓಡುವ ಸದ್ದು ಕೇಳಿತು. ಬೇಡ ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡು ಮುಂದೆ ನಡೆದೆ. ನನಗೆ ನನ್ನ ಕೂಸು ಬೇಕಿತ್ತು.

"ಮುಟ್ಟಬೇಡ ಕಣೇ! ಅದು ನಂದು!" ಅತ್ತೆ ಕಿರುಚಿದರು. ಟಕಟಕ ಹಿಂದಕ್ಕೆ ಓಡಿತು. ಆಮೇಲೆ ಸದ್ದಿಲ್ಲ. ಅಲ್ಲೇನಾಗುತ್ತಿದೆ? ಜೀವ ಹೋದರೂ ತಿರುಗಬಾರದು.

ಹೊಸ್ತಿಲು ದಾಟಿದ ಮೇಲೇ ತಿರುಗಿದೆ. ಹಿಂದೆಯೇ ಬಂದಿದ್ದ ಅತ್ತೆಯ ಬಲಗೈ ನಿಲುವಂಗಿಯ ತೋಳಿನೊಳಗೆ ಅಡಗಿತ್ತು.

"ಏನು ಹಿಡ್ಕೊಂಡಿದ್ದೀರಿ?"

"ಮೊದ್ಲು ಹೇಳು, ತಿರುಗಿ ನೋಡಿದ್ಯಾ?"

"ಇಲ್ಲ."

"ಸದ್ಯ, ಬದುಕಿದೆ."

"ಎತ್ಕೊಂಡ್ರಾ? ಮುಟ್ಟಬೇಡ ಅಂದಿದ್ರೆ ಸಾಕಿತ್ತಲ್ಲ!"

"ಇವತ್ತು ಇವಳು, ನಾಳೆ ಇನ್ಯಾವಳೋ. ದಾರೀಲಿ ಕೂತು ಕಾಯ್ಲಾ? ಈ ಮುದುಕಿಗೆ ಇನ್ನೇನು ಕೆಟ್ಟದ್ದಾಗೋಕೆ ಉಳ್ದಿದೆ?"

ನನಗೆ ಅಳು ಬಂತು. ಇವರ ನಾಲಗೆಗೆ ಹೆದರಿಯೇ ಇಷ್ಟು ವರ್ಷ ಬದುಕಿದ್ದೆ. "ಕೊಡಿ ಇಲ್ಲಿ" ಎಂದು ಕೈ ಚಾಚಿದೆ.

ಕೈಗೆ ಫಟ್ಟನೆ ಏಟು ಬಿತ್ತು. "ಮುಟ್ಟಿದ್ರೆ ನೋಡು! ಅಜ್ಜಿ ಆಗೋಳು ನಾನು."

ಅತ್ತೆ ಬಾಚಣಿಗೆಯನ್ನು ತಮ್ಮ ತಲೆಗೆ ಸಿಕ್ಕಿಸಿಕೊಂಡರು. ಅದು ನಿಲ್ಲುವಷ್ಟು ಕೂದಲು ಅಲ್ಲಿರಲಿಲ್ಲ. ಜಾರಿತು, ಮತ್ತೆ ಸಿಕ್ಕಿಸಿಕೊಂಡರು.